ಹೊಲಕ್ಕೆ ಹೊಡೆದ ಕಳೆನಾಶಕ ಹೋಗುವುದೆಲ್ಲಿಗೆ?

ಓದುಗರೊಬ್ಬರ ಪ್ರಶ್ನೆ: ಮೆಕ್ಕೆಜೋಳಕ್ಕೆ ಅಟ್ರಾಜಿನ್ ಹೊಡೆಯುತ್ತೇನೆ. ಅದರ ಅರ್ಧಾಯುಷ್ಯ 60 ದಿನ ಎಂದು ಓದಿದೆ. ಹಾಗಾದರೆ ನಾಲ್ಕು ತಿಂಗಳಲ್ಲಿ ಪೂರ್ತಿ ಹೋಯಿತಲ್ಲವೇ? ಹೊಲದ ಬಾವಿಯ ನೀರನ್ನೇ ಕುಡಿಯುತ್ತೇವೆ.

ಉತ್ತರ: ಹೋಗುವುದಿಲ್ಲ. 60 ದಿನಕ್ಕೆ ಅರ್ಧ ಉಳಿದರೆ 120 ದಿನಕ್ಕೆ ಕಾಲುಭಾಗ, 180ಕ್ಕೆ ಅರೆಕಾಲು. ಆ 60 ಕೂಡ ಸರಾಸರಿ ಲೆಕ್ಕ. ತೇವ, ಬಿಸುಪು, ಸಾವಯವ ಅಂಶ ಮೂರೂ ಇರುವ ಮೇಲ್ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬೇಗ ಒಡೆಯುತ್ತವೆ. ಒಣಮಣ್ಣಿನಲ್ಲಿ ಕೆಲಸ ನಿಧಾನ. ಬೇರುಗಳ ಮಟ್ಟಕ್ಕಿಂತ ಕೆಳಗೆ ಆ ಜೀವಿಗಳೇ ವಿರಳ. ಅಂತರ್ಜಲ ಮುಟ್ಟಿದ ಅಟ್ರಾಜಿನ್ ವರ್ಷಗಟ್ಟಲೆ ಉಳಿಯಬಲ್ಲದು. ಒಡೆಯುವ ತನಕ ಮೇಲ್ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಇನ್ನೆರಡು ಕಳೆನಾಶಕಗಳೊಂದಿಗೆ ಹೋಲಿಸಿ ನೋಡೋಣ. ಗ್ಲೈಫೋಸೇಟನ್ನು ಜೇಡಿಯೂ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳೂ ಗಟ್ಟಿಯಾಗಿ ಹಿಡಿಯುತ್ತವೆ. ಅದು ಬಾವಿಗೆ ಇಳಿಯುವುದಕ್ಕಿಂತ ಕೊಚ್ಚಿದ ಮಣ್ಣಿನೊಂದಿಗೆ ಹಳ್ಳ ಸೇರುವ ಸಂಭವವೇ ಹೆಚ್ಚು. 2,4-ಡಿ ಸಡಿಲವಾಗಿ ಓಡಾಡುತ್ತದೆ, ಆದರೆ ಸುಮಾರು 10 ದಿನದಲ್ಲಿ ಅರ್ಧವಾಗುತ್ತದೆ. ಅಟ್ರಾಜಿನ್‌ಗೆ ಮಣ್ಣಿನ ಹಿಡಿತ ಕಡಿಮೆ, ಆಯುಷ್ಯ ಜಾಸ್ತಿ. ಒಡೆದ ಚೂರುಗಳಲ್ಲಿ ಒಂದಾದ ಡೀಈಥೈಲ್ ಅಟ್ರಾಜಿನ್ ನೀರಿನೊಂದಿಗೆ ಇನ್ನೂ ಸುಲಭವಾಗಿ ಇಳಿಯುತ್ತದೆ. ಐರೋಪ್ಯ ಒಕ್ಕೂಟ 2004ರಲ್ಲಿ ಅಟ್ರಾಜಿನ್‌ಗೆ ಅನುಮತಿ ನಿರಾಕರಿಸಿದ್ದು ಅಂತರ್ಜಲದ ಕಾರಣಕ್ಕೇ.

ಮಣ್ಣಿನ ಬಿರುಕು, ಎರೆಹುಳುವಿನ ಬಿಲಗಳಿದ್ದರೆ ಜಡಿಮಳೆಯ ನೀರು ಮೇಲ್ಮಣ್ಣನ್ನು ತಪ್ಪಿಸಿ ನೇರ ಕೆಳಗಿಳಿಯುತ್ತದೆ. ಅಟ್ರಾಜಿನ್ ಕೆಲಸಮಾಡಲು ತೇವ ಬೇಕು ನಿಜ, ಆದರೆ ಎರಡು ದಿನದೊಳಗೆ ಭಾರಿ ಮಳೆಯ ಮುನ್ಸೂಚನೆ ಇದ್ದರೆ ಸಿಂಪಡಣೆ ಮುಂದೂಡಿ.

ಇಷ್ಟೆಲ್ಲ ಹೊಲದ ಮಾತು. ಬಾವಿ ಕೆಡುವುದು ಎಷ್ಟೋ ಸಲ ಅದರ ಕಟ್ಟೆಯ ಬಳಿಯೇ. ಶೇ. 50ರ ಪುಡಿ 2 ಗ್ರಾಂ ಚೆಲ್ಲಿದರೆ ಅದರಲ್ಲಿ 1 ಗ್ರಾಂ ಅಟ್ರಾಜಿನ್ ಇರುತ್ತದೆ. ಐರೋಪ್ಯ ಒಕ್ಕೂಟದ ಕುಡಿಯುವ ನೀರಿನ ಮಿತಿ ಲೀಟರಿಗೆ 0.1 ಮೈಕ್ರೊಗ್ರಾಂ, ಆ ಮಿತಿ ಮುಟ್ಟಿಸಲು 1 ಗ್ರಾಂ ಒಂದು ಕೋಟಿ ಲೀಟರ್ ನೀರಿಗೆ ಸಾಕು! ಔಷಧಿ ಕಲಸುವುದು, ಪಂಪು ತೊಳೆಯುವುದು ಹೊಲದಲ್ಲೇ ಆಗಲಿ, ಪ್ರತಿಸಲ ಒಂದೇ ಜಾಗ ಬೇಡ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನೂ ಟ್ಯಾಂಕಿಗೇ ಸುರಿಯಿರಿ. ನೀರು ತುಂಬುವಾಗ ಪೈಪಿನ ತುದಿ ದ್ರಾವಣದಲ್ಲಿ ಮುಳುಗಿರಬಾರದು: ಮೋಟಾರು ನಿಂತೊಡನೆ ಪೈಪು ಆ ದ್ರಾವಣವನ್ನು ಬಾವಿಗೆ ಹಿಂದಕ್ಕೆ ಸೆಳೆಯಬಹುದು.

ನೀರಿನ ಗಡಸುತನ, ಲವಣಾಂಶದ ಪರೀಕ್ಷೆಯಲ್ಲಿ ಇದು ಕಾಣದು. ಕೀಟನಾಶಕ ಶೇಷದ ಪರೀಕ್ಷೆ ಎಂದೇ ಕೇಳಿ, ಅಟ್ರಾಜಿನ್ ಜೊತೆ ಡೀಈಥೈಲ್ ಅಟ್ರಾಜಿನ್ ಹೆಸರನ್ನೂ ಬರೆಸಿ. ಗ್ಲೈಫೋಸೇಟ್ ಬಳಸಿದ್ದರೆ ಅದಕ್ಕೆ ಸಾಮಾನ್ಯವಾಗಿ ಬೇರೆಯೇ ಪರೀಕ್ಷೆ. ಮಾದರಿಯನ್ನು ಪ್ರಯೋಗಾಲಯ ಕೊಡುವ ಬಾಟಲಿಯಲ್ಲೇ ಹಿಡಿದು ತಣ್ಣಗೆ ಸಾಗಿಸಿ. ನೀರು ಕುದಿಸಿದರೆ ಅಟ್ರಾಜಿನ್ ಹೋಗುವುದಿಲ್ಲ. ಸಕ್ರಿಯ ಇಂಗಾಲದ ಫಿಲ್ಟರ್ ಹಿಡಿಯುತ್ತದೆ, ಆದರೆ ಅದು ತುಂಬಿಹೋದದ್ದು ರುಚಿಯಿಂದ ತಿಳಿಯದು. ತಯಾರಕರು ಹೇಳಿದ ಅವಧಿಗೆ ಬದಲಿಸಿ.