ಕಿತ್ತೂರು ಚೆನ್ನಮ್ಮನ ಹಸ್ತಪ್ರತಿ: ಲೇಖಕರಿಗೊಂದು ಉತ್ತರ

ಮಾನ್ಯರೇ,

ಶಾಲಾಮಕ್ಕಳಿಗೆಂದು ನೀವು ಬರೆದು ಕಳುಹಿಸಿದ ಕಿತ್ತೂರು ರಾಣಿ ಚೆನ್ನಮ್ಮನ ಜೀವನಕಥೆಯನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಕಾಕತಿಯ ಬಾಲ್ಯದ ಪುಟಗಳು ಸರಾಗವಾಗಿ ಓದಿಸಿಕೊಳ್ಳುತ್ತವೆ. ತೊಂದರೆ ಶುರುವಾಗುವುದು ಆಕೆ ರಾಣಿಯಾದ ಮೇಲೆ. ಅಲ್ಲಿಂದ ಮುಂದೆ ಆಕೆ ಕತ್ತಿ ಹಿರಿದು ಗರ್ಜಿಸುತ್ತಲೇ ಇರುತ್ತಾಳೆ, ಒಮ್ಮೆಯೂ ಕುಳಿತು ಯೋಚಿಸುವುದಿಲ್ಲ.

1824ರ ಯುದ್ಧದ ಹೊತ್ತಿನ ಆಕೆಯನ್ನು ‘ಮಿಂಚಿನ ಬಳ್ಳಿಯಂಥ ತರುಣಿ’ ಎಂದು ವರ್ಣಿಸಿದ್ದೀರಿ. 1778ರಲ್ಲಿ ಹುಟ್ಟಿದವಳಿಗೆ ಆಗ ನಲವತ್ತಾರರ ಆಸುಪಾಸು. ಪತಿ ಮಲ್ಲಸರ್ಜ ತೀರಿಕೊಂಡು ಎಂಟು ವರ್ಷವಾಗಿತ್ತು, ಅದೇ ಸೆಪ್ಟೆಂಬರಿನಲ್ಲಿ ಮಲಮಗ, ದೊರೆ ಶಿವಲಿಂಗರುದ್ರ ಸರ್ಜನೂ ಕಣ್ಮುಚ್ಚಿದ್ದ. ಇಷ್ಟನ್ನು ಉಂಡ ಹೆಂಗಸು ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಎದುರು ನಿಂತಳೆಂಬುದನ್ನು ಮಕ್ಕಳಿಂದ ಏಕೆ ಮುಚ್ಚಿಡಬೇಕು?

ಗಾದಿಗೆ ವಾರಸುದಾರನಾಗಿ ಶಿವಲಿಂಗಪ್ಪನನ್ನು ದತ್ತು ಪಡೆದದ್ದನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪದಿದ್ದುದಕ್ಕೆ, ದತ್ತುಮಕ್ಕಳಿಗೆ ರಾಜ್ಯದ ಹಕ್ಕನ್ನು ನಿರಾಕರಿಸುವ ಡಾಲ್‌ಹೌಸಿಯ ನೀತಿಯೇ ಕಾರಣವೆಂದಿದ್ದೀರಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಅಸುನೀಗಿದ್ದು 1829ರಲ್ಲಿ. (ಈ ತಪ್ಪು ಎಷ್ಟೋ ಕಡೆ ಅಚ್ಚಾಗಿದೆ, ನಿಮ್ಮೊಬ್ಬರದೇ ಅಲ್ಲ.) ಆದರೆ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸುದ್ದಿ ಕೇಳಿ ಆಕೆ ಸೆರೆಮನೆಯಲ್ಲಿ ಕಣ್ಣೀರಿಡುವ ದೃಶ್ಯ ನಿಮ್ಮದೇ ಸೃಷ್ಟಿ. ನಂದಗಡದಲ್ಲಿ ರಾಯಣ್ಣನಿಗೆ ಗಲ್ಲಾದದ್ದು 1831ರ ಜನವರಿಯಲ್ಲಿ. ಆ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ತೆಗೆಯಲೇಬೇಕು.

ನನಗೆ ನಿಜವಾಗಿ ಬೇಸರವಾದದ್ದು ಬೇರೆ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಗುಂಡಿಗೆ ಬಲಿಯಾದ, ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಇದನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿ ರಾಣಿಯನ್ನು ಮತ್ತೆ ಕುದುರೆ ಹತ್ತಿಸಿದ್ದೀರಿ. ಕಥೆ ಇರುವುದೇ ಇಲ್ಲಿ. ಸೆರೆಯಾಳುಗಳನ್ನು ಹಿಡಿದಿಟ್ಟುಕೊಂಡರೆ ಕಂಪನಿಯ ದಂಡು ಏರಿ ಬರುವುದು ಖಚಿತ, ಬಿಟ್ಟರೆ ಕೈಯಲ್ಲಿದ್ದ ಒಂದೇ ಹಿಡಿತವೂ ತಪ್ಪುತ್ತದೆ, ಸುಮ್ಮನೆ ಕಾಯುವಷ್ಟು ಸಮಯವೂ ಇಲ್ಲ ಎಂಬ ಇಕ್ಕಟ್ಟಿನಲ್ಲಿ ಆಕೆ ವಾರಗಟ್ಟಲೆ ಕಳೆದಳು. ಕೊನೆಗೆ ಅವರನ್ನು ಬಿಟ್ಟುಕೊಟ್ಟಳು. ಆದರೂ ಡಿಸೆಂಬರ್ ಆರಂಭದಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ಹನ್ನೆರಡರ ಹುಡುಗಿಯೊಬ್ಬಳು ಪುಸ್ತಕ ಕೆಳಗಿಟ್ಟು ‘ಬಿಡಬಾರದಿತ್ತು’ ಎಂದು ಅಮ್ಮನೊಡನೆ ವಾದಕ್ಕಿಳಿಯುವಂತೆ ಈ ಭಾಗವನ್ನು ಬರೆಯಿರಿ.

ಈ ಒಂದು ಅಧ್ಯಾಯವನ್ನು ಹೊಸದಾಗಿ ಬರೆದು ಕಳುಹಿಸಿದರೆ ಖಂಡಿತ ಓದುತ್ತೇನೆ. ಅಲ್ಲಿಯವರೆಗೆ ಬಾಲ್ಯದ ಪುಟಗಳನ್ನು ಮುಟ್ಟಬೇಡಿ.

ಇಂತು,
ಸಂಪಾದಕ