ಕಾರಿಡಾರಿನಲ್ಲಿ ದಾರಿ ಬಿಡಬೇಕಾದವರು ಯಾರು?

ಕೊಡಗಿನ ವಿರಾಜಪೇಟೆಯ ನಿವೃತ್ತ ಸ್ಟಾಫ್ ನರ್ಸ್ ಒಬ್ಬರ ಪತ್ರ: "ಮಗಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿ ಔಷಧಿ ಸಾಗಿಸುವ ರೋಬೋಟ್ ಕಂಡರೆ ಅವಳಿಗೆ ಮೈ ಉರಿ. ಬೇರೆ ವಾರ್ಡಿನ ಗೆಳತಿ ಅದನ್ನು 'ಮರಿ' ಎಂದು ಕರೆಯುತ್ತಾಳಂತೆ. ಯಾರದು ಸರಿ? ನಮ್ಮ ಜಿಲ್ಲೆಗೂ ಇದು ಬರುತ್ತದೆಯೇ?"

ಸಂಪಾದಕರ ಉತ್ತರ:

ಅಮ್ಮಾ, ಇಬ್ಬರದೂ ಸರಿ ಎಂದು ಜಾರಿಕೊಳ್ಳುವುದಿಲ್ಲ. ನಾನು ನಿಮ್ಮ ಮಗಳ ಕಡೆ. ಗೆಳತಿಯ ವಾರ್ಡ್ ಯಾವುದೆಂದು ನೀವು ಬರೆದಿಲ್ಲ. ಬಾಣಂತಿಯರದ್ದಿರಬಹುದೆಂದು ನನ್ನ ಊಹೆ.

ಊಹೆಗೆ ಕಾರಣವಿದೆ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಸಾಮಾನು ಸಾಗಿಸುತ್ತಿದ್ದ ರೋಬೋಟಿನ ಬಗ್ಗೆ ಬಿಲ್ಗೆ ಮುಟ್ಲು ಮತ್ತು ಜೋಡಿ ಫೋರ್ಲಿಜಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಂತ್ರ ಒಂದೇ, ಆಸ್ಪತ್ರೆಯೂ ಒಂದೇ. ಬಾಣಂತಿ ವಾರ್ಡಿನವರು ಅದನ್ನು ಮೆಚ್ಚಿಕೊಂಡರು. ಕ್ಯಾನ್ಸರಿನಂಥ ಕಾಯಿಲೆಯವರ ವಾರ್ಡಿನವರು ಬೈದರು. ಅಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ, ಕಾರಿಡಾರಿನ ತುಂಬ ಟ್ರಾಲಿಗಳು. ಅದರ ನಡುವೆ ಇದು ಬಂದು "ಇಳಿಸಿಕೊಳ್ಳಿ" ಎಂದು ನಿಂತರೆ?

ಸ್ಟ್ರೆಚರ್ ಬಂದಾಗ ದೊಡ್ಡ ಡಾಕ್ಟರೂ ಗೋಡೆಗೆ ಸರಿಯುವುದನ್ನು ನೀವು ಕಂಡಿದ್ದೀರಿ. ಫಾರ್ಮಸಿಯ ಹುಡುಗ ಸಿಸ್ಟರ್ ಮುಖ ನೋಡಿಯೇ "ಆಮೇಲೆ ಬರಲೇ?" ಎನ್ನುತ್ತಿದ್ದ. ಈ ಡಬ್ಬಕ್ಕೆ ಮುಖ ಓದಲು ಬಾರದು. ಸಿಟ್ಟು ಯಂತ್ರದ ಮೇಲಲ್ಲ, ತನ್ನ ಕೆಲಸ ಬಿಟ್ಟು ಅದಕ್ಕೆ ದಾರಿ ಬಿಡಬೇಕಾಗಿರುವುದರ ಮೇಲೆ.

ಹಾಗೆಂದು 'ಮರಿ' ಎನ್ನುವವಳನ್ನು ನೋಡಿ ನಗಬೇಡಿ. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದಂದು ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸುವ ನಾಡು ನಮ್ಮದು. ಆದರೆ ಕೋವಿ ನಾವು ಎತ್ತುವವರೆಗೆ ಸುಮ್ಮನಿರುತ್ತದೆ. ಶಸ್ತ್ರಚಿಕಿತ್ಸೆಯ ರೋಬೋಟೂ ಆ ಜಾತಿಯದೇ: 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 'ಡಾ ವಿಂಚಿ'ಯ ತೋಳುಗಳು ಸರ್ಜನ್ ಕೈಯಾಡಿಸಿದಂತೆ ಆಡುತ್ತವೆ. ನಿಮ್ಮ ಮಗಳ ಎದುರಿಗೆ ಬರುವುದು ತಾನಾಗಿ ನಡೆಯುವಂಥದ್ದು. ಅದು ಯಾವ ಹೊತ್ತಿಗೆ ವಾರ್ಡಿಗೆ ಬರಬೇಕೆಂದು ನಿರ್ಧರಿಸುವಾಗ ನರ್ಸುಗಳನ್ನು ಯಾರಾದರೂ ಕೇಳಿದರೇ? ರೌಂಡ್ಸ್ ಹೊತ್ತಿನಲ್ಲಿ ಬೇಡ ಎಂದು ಮಗಳು ಮೇಟ್ರನ್‌ಗೆ ಬರೆದುಕೊಡಲಿ. ಗೆಳತಿಯ ಸಹಿಯೂ ಇರಲಿ.

ಇನ್ನು ನಮ್ಮ ಜಿಲ್ಲೆ. ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ಕುಳಿತು ಈ ಉತ್ತರ ಬರೆಯುತ್ತಿದ್ದೇನೆ. ಬಂದರೆ ಬರಲಿ, ಜನರೇಟರಿನ ಡೀಸೆಲ್ಲನ್ನೂ ಅದೇ ಹೊತ್ತು ತರಲಿ.