ಪುಕ್ಕಟೆ ಒಲೆಯ ಲೆಕ್ಕವನ್ನು ಯಾರಾದರೂ ನೋಡುತ್ತಾರೆಯೇ?

ಮುಧೋಳ ತಾಲ್ಲೂಕಿನ ನಿಮ್ಮ ಊರಿಗೆ ಕಂಪನಿಯೊಂದು ಬಂದು, ಕಟ್ಟಿಗೆ ಕಡಿಮೆ ಸುಡುವ ಒಲೆಯನ್ನು ಮನೆಮನೆಗೆ ಪುಕ್ಕಟೆ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದೆ. ಉಳಿದ ಕಟ್ಟಿಗೆಯ ಲೆಕ್ಕದ ಮೇಲೆ ಕಾರ್ಬನ್ ಕ್ರೆಡಿಟ್, ಅಂದರೆ ಗಾಳಿಗೆ ಸೇರದೆ ಉಳಿದ ಇಂಗಾಲದ ಲೆಕ್ಕದ ಚೀಟಿ, ಮಾರುತ್ತಾರಂತೆ. ಅದನ್ನು ಸ್ವತಂತ್ರ ಸಂಸ್ಥೆ ಪರಿಶೀಲಿಸುತ್ತದೆ ಎನ್ನುವುದು ನಿಜವೇ, ಇಲ್ಲ ಬರೀ ಕಾಗದದ ಮಾತೇ ಎಂದು ಕೇಳಿದ್ದೀರಿ.

ಪರಿಶೀಲನೆ ನಡೆಯುವುದು ನಿಜ. ಕೆಲವು ವರ್ಷಗಳ ಹಿಂದೆ ಸಿಂದಗಿ ತಾಲ್ಲೂಕಿನಲ್ಲಿ ಅಂಥದೊಂದು ತಂಡದ ಜೊತೆ ನಾಲ್ಕು ದಿನ ದುಭಾಷಿಯಾಗಿ ತಿರುಗಿದ್ದೇನೆ. ಬಂದವರು ಇಬ್ಬರು, ಇಬ್ಬರಿಗೂ ಕನ್ನಡ ಬಾರದು. ಸಾವಿರಾರು ಮನೆಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದ ಹೆಸರುಗಳು ಅವರ ಕೈಯಲ್ಲಿದ್ದವು. ಕಂಪನಿಯವರು ಕರೆದ ಕಡೆಗೆ ಹೋಗುವಂತಿರಲಿಲ್ಲ, ಪಟ್ಟಿಯಲ್ಲಿದ್ದ ಮನೆಗೇ ಹೋಗಬೇಕು. ಒಲೆಯ ಮೇಲಿನ ನಂಬರು ಪಟ್ಟಿಗೆ ತಾಳೆಯಾಗಬೇಕು. ಬೂದಿ ಕೆದಕುತ್ತಿದ್ದರು, ಒಳಗಿನ ಮಸಿಯನ್ನು ಬೆರಳಿನಿಂದ ಒರೆಸಿ ನೋಡುತ್ತಿದ್ದರು. ಬೆಳಿಗ್ಗೆ ಚಹಾ ಯಾವುದರ ಮೇಲೆ ಕಾಯಿತು ಎಂದು ಹಿರಿಯರಿಗಿಂತ ಮೊದಲು ಮಕ್ಕಳನ್ನು ಕೇಳಿಸುತ್ತಿದ್ದರು. ಆದರೆ ಸುದ್ದಿ ನಮ್ಮ ಜೀಪಿಗಿಂತ ಮುಂಚೆ ಊರು ಮುಟ್ಟಿರುತ್ತಿತ್ತು. ತೊಳೆದು ಕುಂಕುಮ ಹಚ್ಚಿಟ್ಟ ಒಲೆಗಳನ್ನೂ ಕಂಡೆ. ಪೂಜೆ ಮುಗಿದ ಮೇಲೆ ಅವಕ್ಕೆ ಬೆಂಕಿ ಸೋಕಿರಲಿಲ್ಲ.

ಒಂದು ಮನೆಯ ಅಜ್ಜಿ ಮಾತ್ರ ಮುಚ್ಚಿಡಲಿಲ್ಲ. "ಇದರ ಮೇಲೆ ಅನ್ನ ಆಗುತ್ತದೆ, ಚಹಾ ಆಗುತ್ತದೆ. ರೊಟ್ಟಿ ಆಗುವುದಿಲ್ಲ ತಮ್ಮಾ" ಎಂದಳು. ಒಲೆಯ ಬಾಯಿ ಸಣ್ಣದು. ಉರಿ ಹಂಚಿನ ನಡುವಿಗಷ್ಟೇ ತಾಗಿ ರೊಟ್ಟಿಯ ಅಂಚು ಹಸಿಯಾಗಿಯೇ ಉಳಿಯುತ್ತದೆ. ಎರಡು ಹೊತ್ತು ಜೋಳದ ರೊಟ್ಟಿ ಉಣ್ಣುವ ಮನೆಯಲ್ಲಿ ಉರುವಲಿನ ದೊಡ್ಡ ಪಾಲು ಸುಡುವುದೇ ರೊಟ್ಟಿಗೆ. ಅದು ಹಿತ್ತಲಿನ ಹಳೆಯ ಒಲೆಯಲ್ಲಿ ಎಂದಿನಂತೆ ಸುಡುತ್ತಿತ್ತು. ಕಾಗದದಲ್ಲಿ ಮಾತ್ರ ಆ ಮನೆ ಹಳೆಯ ಒಲೆಯನ್ನು ಬಿಟ್ಟಾಗಿತ್ತು. ಬಂದವರು "ಎರಡೂ ಬಳಕೆಯಲ್ಲಿವೆ" ಎಂದು ಬರೆದುಕೊಂಡರು. ಪ್ರಾಮಾಣಿಕರೇ, ಅದರಲ್ಲಿ ನನಗೆ ಅನುಮಾನವಿಲ್ಲ.

ನನ್ನನ್ನು ಕಾಡಿದ್ದು ಗೋಡೆಗೆ ಒರಗಿಸಿದ್ದ ರಾಶಿ. ತೊಗರಿ ಕಟ್ಟಿಗೆ, ಪಕ್ಕದಲ್ಲಿ ಕುಳ್ಳು. ಒಂದು ಕ್ರೆಡಿಟ್ ಎಂದರೆ ಗಾಳಿಗೆ ಸೇರದೆ ಉಳಿದ ಒಂದು ಟನ್ ಇಂಗಾಲದ ಡೈಆಕ್ಸೈಡ್. ಮರ ಕಡಿದು, ಆ ಜಾಗದಲ್ಲಿ ಮತ್ತೆ ಅಷ್ಟು ಬೆಳೆಯದಿದ್ದರೆ, ಅಂಥ ಕಟ್ಟಿಗೆಯನ್ನು ಉಳಿಸಿದಾಗ ಈ ಲೆಕ್ಕ ಕೂಡುತ್ತದೆ. ತೊಗರಿಯಾದರೋ ಮುಂದಿನ ಮುಂಗಾರಿಗೆ ಮತ್ತೆ ಬೆಳೆದು, ಸುಟ್ಟಷ್ಟು ಇಂಗಾಲವನ್ನು ಗಾಳಿಯಿಂದ ವಾಪಸು ಹೀರುತ್ತದೆ. ಹಾಗಾಗಿ ಸುಡುವ ಕಟ್ಟಿಗೆಯಲ್ಲಿ ಮತ್ತೆ ಬೆಳೆಯದ ಪಾಲೆಷ್ಟು ಎಂಬ ಅಂಕಿಯ ಮೇಲೆ ಇಡೀ ವ್ಯವಹಾರ ನಿಂತಿದೆ. ಅಂದು ಆ ಅಂಕಿ ನಾವು ಹೋದ ಊರುಗಳಲ್ಲಿ ಅಳೆದದ್ದಾಗಿರಲಿಲ್ಲ. ಯೋಜನೆ ನೋಂದಣಿಯಾದಾಗಲೇ ನಿಗದಿಯಾಗಿತ್ತು. ಬಂದವರ ಕೆಲಸ ಅದನ್ನು ಸೂತ್ರದಲ್ಲಿ ಸರಿಯಾಗಿ ಹಾಕಿದ್ದಾರೆಯೇ ಎಂದು ನೋಡುವುದಷ್ಟೇ. ನಾನು ರಾಶಿಯ ಕಡೆ ಬೆರಳು ತೋರಿಸಿದೆ. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಿನಯದಿಂದಲೇ ಹೇಳಿದರು.

2024ರ ಜನವರಿಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 'ನೇಚರ್ ಸಸ್ಟೇನಬಿಲಿಟಿ' ಪತ್ರಿಕೆಯಲ್ಲಿ ಒಲೆ ಯೋಜನೆಗಳ ಲೆಕ್ಕವನ್ನು ಬಿಚ್ಚಿಟ್ಟರು. ಅವರು ನೋಡಿದ ಯೋಜನೆಗಳು ನಿಜವಾದ ಉಳಿತಾಯದ ಸರಾಸರಿ ಒಂಬತ್ತು ಪಟ್ಟಿಗೂ ಮೀರಿ ಕ್ರೆಡಿಟ್ ಪಡೆದಿದ್ದವು. ಬಳಕೆಯನ್ನು ಹೆಚ್ಚಿಗೆ ತೋರಿಸಿದ್ದು, ಈ ಕಟ್ಟಿಗೆಯ ಅಂಕಿಯನ್ನು ಉಬ್ಬಿಸಿದ್ದು ಅದಕ್ಕೆ ಕಾರಣಗಳಲ್ಲಿ ಸೇರಿವೆ. ಆ ಯೋಜನೆಗಳೂ ಪರಿಶೀಲನೆ ದಾಟಿಯೇ ಬಂದವು.

"ಸ್ವತಂತ್ರ" ಎಂಬ ಮಾತಿಗೆ ಬಂದರೆ, ಪರಿಶೀಲನಾ ಸಂಸ್ಥೆಗೆ ಮಾನ್ಯತೆ ಬೇರೆಯವರು ಕೊಡುತ್ತಾರೆ, ಆದರೆ ಅದನ್ನು ಆರಿಸಿ ಶುಲ್ಕ ಕೊಡುವುದು ಸಾಮಾನ್ಯವಾಗಿ ಯೋಜನೆಯ ಮಾಲೀಕನೇ. ಪರೀಕ್ಷೆ ಬರೆಯುವವನೇ ಮಾಸ್ತರರಿಗೆ ಸಂಬಳ ಕೊಟ್ಟಂತೆ. ಕಿವಿ ಹಿಂಡುವವರು ಇಲ್ಲವೆಂದಲ್ಲ: ಹವಾಮಾನದ ಕ್ಯೋಟೊ ಒಪ್ಪಂದದ ಕಾಲದಲ್ಲಿ, 2008 ಮತ್ತು 2009ರಲ್ಲಿ, ಕ್ರೆಡಿಟ್ ನೋಡಿಕೊಳ್ಳುವ ವಿಶ್ವಸಂಸ್ಥೆಯ ಮಂಡಳಿ ಎರಡು ದೊಡ್ಡ ಪರಿಶೀಲನಾ ಸಂಸ್ಥೆಗಳನ್ನೇ ಅಮಾನತು ಮಾಡಿತ್ತು.

ಇನ್ನು ನಿಮ್ಮ ಸಹಿ. ಉಳಿತಾಯದ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವ ಸಾಲು ಆ ಕಾಗದದಲ್ಲಿ ಬಹುಮಟ್ಟಿಗೆ ಇರುತ್ತದೆ. ಕನ್ನಡದ ಪ್ರತಿ ಕೇಳಿ ಇಟ್ಟುಕೊಳ್ಳಿ. ವೆರಾ, ಗೋಲ್ಡ್ ಸ್ಟ್ಯಾಂಡರ್ಡ್‌ನಂಥ ಕ್ರೆಡಿಟ್ ನೋಂದಣಿ ಸಂಸ್ಥೆಗಳಲ್ಲಿ ಯಾರಲ್ಲಿ ನೋಂದಾಯಿಸಿದ್ದಾರೆ ಮತ್ತು ಯೋಜನೆಯ ಸಂಖ್ಯೆ ಏನು ಎಂದೂ ಕೇಳಿ. ಆ ಸಂಖ್ಯೆ ಹಾಕಿದರೆ ಅವರ ಜಾಲತಾಣದಲ್ಲಿ ಯೋಜನೆಯ ವಿವರ, ಪರಿಶೀಲನಾ ವರದಿ ಯಾರಿಗಾದರೂ ಓದಲು ಸಿಗುತ್ತವೆ. ಇಂಗ್ಲಿಷ್‌ನಲ್ಲಿರುತ್ತವೆ, ಕಾಲೇಜಿಗೆ ಹೋಗುವ ಹುಡುಗರಿಂದ ಓದಿಸಿ. ಸಂಖ್ಯೆ ಹೇಳಲು ತಡವರಿಸಿದರೆ ಸಹಿ ತಡೆಹಿಡಿಯಿರಿ. ಒಲೆಯನ್ನಂತೂ ಬೇಡವೆನ್ನಬೇಡಿ, ಚಹಾ ಕಾಯಿಸುವಾಗಲಾದರೂ ಮನೆಯವರ ಕಣ್ಣಿಗೆ ಹೊಗೆ ಕಡಿಮೆಯಾಗುತ್ತದೆ. ಮುಂದೆ ಪರಿಶೀಲನೆಯವರು ಬಂದರೆ, ಕಂಪನಿಯ ಹುಡುಗ ಬಾಗಿಲಲ್ಲಿ ನಿಂತಿದ್ದರೂ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ರೊಟ್ಟಿ ಸುಡುವ ಒಲೆಯನ್ನು ತೋರಿಸಿ.